ಇಪ್ಪತ್ತನೆಯ ಟ್ಯೂಬು

ಕ್ಯಾಂಡಿ
೧೧ ನವೆಂಬರ್ ೧೯೯೬

ಪ್ರಿಯ ಶಿವನೇಸ,

ಹನ್ನೊಂದು ವರ್ಷದ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ, ನನಗೆ ಮದುವೆಯೂ ಇಲ್ಲ. ಕೊಲಂಬೊದಲ್ಲಿ ಹೆಣ ಕೊಯ್ಯುವ ಮೇಜಿನ ಆಚೆ ಬದಿ ನಿಂತು ನನ್ನ ಕತ್ತರಿ ಕದಿಯುತ್ತಿದ್ದವನು ಈಗ ಪೂರ್ವ ಕರಾವಳಿಯ ಪೂವಡಿತುರೈ ಆಸ್ಪತ್ರೆಗೆ ಒಬ್ಬನೇ ವೈದ್ಯ ಎಂದು ಹೋದ ತಿಂಗಳು ಗೊತ್ತಾಯಿತು. ನಿಮ್ಮ ಫೋನು ಆರು ತಿಂಗಳಿಂದ ಸತ್ತಿದೆಯಂತೆ. ಅದಕ್ಕೆ ಈ ಕಾಗದ.

ನಾನು ಇಲ್ಲಿ ರಕ್ತಪರೀಕ್ಷೆಯ ವಿಭಾಗದಲ್ಲಿದ್ದೇನೆ. ಮೂರು ವರ್ಷದಿಂದ ಒಂದೇ ಪ್ರಶ್ನೆ ಹಿಡಿದು ಕೂತಿದ್ದೇನೆ. ಇಲಿಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ ಎಂದು ನಾವಿಬ್ಬರೂ ಓದಿದ್ದೆವು. ಇಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳಿಕೊಡಲಿಲ್ಲ. ಒಂದಷ್ಟು ಎಲ್ಲಿಗೂ ಹೋಗಿರುವುದಿಲ್ಲ, ಬಿಳಿ ರಕ್ತಕಣಗಳ ಮೈಗೆ ಅಂಟಿಕೊಂಡಿರುತ್ತದೆ. ಉರಿಯೂತ ಶುರುವಾದಾಗ ಪ್ಲೇಟ್‌ಲೆಟ್ ತನ್ನ ಹೊರಮೈಗೆ ಕೊಕ್ಕೆಯಂಥದೊಂದನ್ನು ತರುತ್ತದೆ, ಹಾದುಹೋಗುವ ಬಿಳಿಕಣವನ್ನು ಅದರಿಂದ ಹಿಡಿಯುತ್ತದೆ, ಹಿಡಿದು ಕೆರಳಿಸುತ್ತದೆ. ಕೆರಳಿದ ಬಿಳಿಕಣ ರೋಗಾಣುವನ್ನು ಕೊಲ್ಲುವುದರ ಜೊತೆಗೆ ಮೂತ್ರಪಿಂಡದ, ಶ್ವಾಸಕೋಶದ ಸಣ್ಣ ನಾಳಗಳ ಗೋಡೆಯನ್ನೂ ಸುಟ್ಟುಬಿಡುತ್ತದೆ. ರಕ್ತ ನಿಲ್ಲಿಸುವುದಷ್ಟೇ ಇದರ ಕೆಲಸ ಎಂದು ನಾವು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆವಲ್ಲ, ಅದರ ಇನ್ನೊಂದು ಮುಖ ಇದು.

ಪ್ಲೇಟ್‌ಲೆಟ್‌ಗೆ ಹಸಿರು ಹೊಳೆಯುವ ಬಣ್ಣ ಹಾಕಿ, ನೂರು ಬಿಳಿಕಣದಲ್ಲಿ ಎಷ್ಟರ ಮೈ ಹಸಿರಾಗಿದೆ ಎಂದು ಎಣಿಸುತ್ತೇನೆ. ಆರೋಗ್ಯವಂತರಲ್ಲಿ ಹತ್ತರ ಒಳಗೆ. ಇಲ್ಲಿನ ಇಪ್ಪತ್ತೆರಡು ರೋಗಿಗಳಲ್ಲಿ ಎಂಟು ಜನರಿಗೆ ಮೂವತ್ತು ದಾಟಿತು. ಆ ಎಂಟರಲ್ಲಿ ಏಳು ಜನರ ಮೂತ್ರಪಿಂಡ ಎರಡು ದಿನದಲ್ಲಿ ಕೈಕೊಟ್ಟಿತು. ನನಗೆ ಇನ್ನಷ್ಟು ರೋಗಿಗಳು ಬೇಕು. ನಿನ್ನ ಕಡೆ ಗದ್ದೆಗೆ ಇಳಿದವರೆಲ್ಲ ಇಲಿಜ್ವರದಲ್ಲಿ ಬರುತ್ತಿದ್ದಾರೆ ಎಂದು ಕೇಳಿದೆ.

ಕಳಿಸುವ ರಕ್ತ ನಾಲ್ಕು ಗಂಟೆಯ ಒಳಗಿನದಿರಬೇಕು. ಅಲುಗಾಡಿಸಬಾರದು. ಐಸಿನಲ್ಲಿ ಇಡಲೇಬಾರದು. ತಣ್ಣಗಾದರೆ ಪ್ಲೇಟ್‌ಲೆಟ್ ತಾನೇ ಕೆರಳಿ ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ. ಪ್ರತಿ ಟ್ಯೂಬಿನ ಮೇಲೆ ರಕ್ತ ತೆಗೆದ ಹೊತ್ತು ಬರೆ.

ನಿನ್ನ
ಹೇಮಮಾಲಿ


ಪೂವಡಿತುರೈ
೧೯ ನವೆಂಬರ್ ೧೯೯೬

ಹೇಮಾ,

ಕತ್ತರಿ ನಾನು ಕದ್ದಿರಲಿಲ್ಲ. ನೀನು ಹೆಣದ ಹೊಟ್ಟೆಯೊಳಗೇ ಬಿಟ್ಟಿದ್ದೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಕೊಕ್ಕೆ, ಹಸಿರು ಬಣ್ಣ ಎಲ್ಲ ಚೆನ್ನಾಗಿದೆ. ನನಗೆ ಬೇಕಾದದ್ದು ನಡುವೆ ಒಂದು ಸಾಲಿನಲ್ಲಿದೆ: ಎರಡು ದಿನ. ನನ್ನಲ್ಲಿ ಪೆನಿಸಿಲಿನ್ ಇದೆ, ಗ್ಲೂಕೋಸ್ ಇದೆ, ಡಯಾಲಿಸಿಸ್ ಯಂತ್ರ ಇಲ್ಲ. ಮೂತ್ರ ನಿಂತಮೇಲೆ ಹೊರಟರೆ ನಿಮ್ಮ ಊರು ಮುಟ್ಟುವುದಿಲ್ಲ. ಹೋದ ಬೆಳೆಯ ಹೊತ್ತಿಗೆ ಏಳು ಜನರನ್ನು ದಾರಿಯಲ್ಲಿ ಕಳೆದುಕೊಂಡೆ. ಯಾರು ಕೆಡುತ್ತಾರೆ ಎಂದು ಎರಡು ದಿನ ಮೊದಲೇ ಹೇಳುವೆಯಾದರೆ ನೀನು ಕೇಳಿದಷ್ಟು ರಕ್ತ ಕೊಡುತ್ತೇನೆ.

ನನ್ನ ಷರತ್ತು ಒಂದೇ. ಎಣಿಕೆ ಮೂವತ್ತು ದಾಟಿದವನಿಗೆ ನಿಮ್ಮಲ್ಲಿ ಹಾಸಿಗೆ ಕೊಡಬೇಕು. ಒಪ್ಪಿದರೆ ತಂತಿ ಕಳಿಸು.

ಅನ್ಸಾರ್ ನಾನಾ ಎಂಬವರ ಸಿಗಡಿ ಲಾರಿ ವಾರಕ್ಕೆರಡು ಸಲ ಕ್ಯಾಂಡಿಗೆ ಬರುತ್ತದೆ. ಬೆಳಿಗ್ಗೆ ಐದಕ್ಕೆ ಇಲ್ಲಿಂದ ಹೊರಟರೆ ಒಂಬತ್ತರ ಒಳಗೆ ನಿಮ್ಮ ಗೇಟಿನಲ್ಲಿರುತ್ತಾರೆ. ನಂಬಬಹುದಾದ ಮನುಷ್ಯ.

ಶಿವನೇಸನ್


ಕ್ಯಾಂಡಿ
೬ ಡಿಸೆಂಬರ್ ೧೯೯೬

ಪ್ರಿಯ ಶಿವನೇಸ,

ತಂತಿ ತಲುಪಿರಬೇಕು. ಹಾಸಿಗೆಯ ಮಾತನ್ನು ಮೂತ್ರಪಿಂಡ ವಿಭಾಗದ ಮುಖ್ಯಸ್ಥ ಡಾಕ್ಟರ್ ರಂಬುಕ್ವೆಲ್ಲ ಒಪ್ಪಿದ್ದಾರೆ. ಒಪ್ಪುವ ಮೊದಲು ಅರ್ಧ ಗಂಟೆ ಕಾಡಿಸಿದರು. "ಇರೋದು ಎರಡು ಯಂತ್ರ ಕಣಮ್ಮಾ. ನಿನ್ನ ಹಸಿರು ಬಣ್ಣ ನೋಡ್ಕೊಂಡು ಆಂಬುಲೆನ್ಸ್ ತರಿಸ್ಕೊಳ್ಳೋಕೆ ಇದೇನು ಮದುವೆ ಛತ್ರನಾ?" ಎಂದರು. ಕೊನೆಗೆ ಸಹಿ ಹಾಕಿದರು.

ನಿನ್ನ ಮೊದಲ ಏಳು ಟ್ಯೂಬು ಬಂದಿವೆ. ಏಳೂ ನಲವತ್ತರ ಮೇಲೆ. ಒಂದು ಬಿಳಿಕಣದ ಸುತ್ತ ಒಂಬತ್ತು ಪ್ಲೇಟ್‌ಲೆಟ್ ಕೂತಿದ್ದನ್ನು ನೋಡಿ ನಮ್ಮ ಮೆನಿಕೆಯನ್ನು ಕರೆದು ತೋರಿಸಿದೆ. ಅವಳು ಈ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷದಿಂದ ಸಹಾಯಕಿ, ನನ್ನನ್ನು ಮನೆಯೊಡತಿಯ ಹಾಗೆ ನೋನಾ ಎಂದೇ ಕರೆಯುತ್ತಾಳೆ. "ಬಸ್ಸಿನ ಬಾಗಿಲಲ್ಲಿ ನೇತಾಡೋರ ಥರ ಇದಾರೆ ನೋನಾ" ಎಂದಳು.

ನಿಮ್ಮ ಕಡೆ ರೋಗ ಇಲ್ಲಿಗಿಂತ ಉಗ್ರವಾಗಿರುವ ಹಾಗಿದೆ. ಹಾಸಿಗೆ ಸಿದ್ಧವಿದೆ, ಕಳಿಸು.

ಹೇಮಮಾಲಿ


ಕ್ಯಾಂಡಿ
೩ ಜನವರಿ ೧೯೯೭

ಶಿವನೇಸ,

ಹೊಸ ವರ್ಷದ ಶುಭಾಶಯದಿಂದ ಶುರುಮಾಡಬೇಕಿತ್ತು, ಆಗುತ್ತಿಲ್ಲ.

ನೀನು ಕಳಿಸಿದ ಆರು ಜನರಲ್ಲಿ ಇಬ್ಬರಿಗೆ ಯಂತ್ರ ಬೇಕಾಯಿತು, ಇಬ್ಬರೂ ಉಳಿದರು. ಉಳಿದ ನಾಲ್ವರು ಆಂಬುಲೆನ್ಸಿನಿಂದ ತಾವೇ ಇಳಿದು ನಡೆದುಕೊಂಡು ಒಳಗೆ ಬಂದರು. ಬಂದವರೇ ತಮಿಳಿನಲ್ಲಿ ಏನೋ ಕೇಳಿದರು. ವಾರ್ಡಿನಲ್ಲಿ ಯಾರಿಗೂ ತಿಳಿಯಲಿಲ್ಲ. ತಮಿಳು ಬರುವ ಮೆನಿಕೆಯನ್ನು ಕರೆಸಿದರೆ, "ಅನ್ನ ಕೇಳ್ತಿದಾರೆ ಡಾಕ್ಟರ್" ಎಂದಳು. ರಂಬುಕ್ವೆಲ್ಲ ಅವರು ಇಡೀ ವಾರ್ಡಿನ ಎದುರು ನನ್ನ ಕಡೆ ತಿರುಗಿ, "ಎರಡು ದಿನದಲ್ಲಿ ಸಾಯೋರು ಚೆನ್ನಾಗಿ ಉಣ್ತಾರೆ ಅಲ್ವಾ?" ಎಂದರು. ಅದೇ ದಿನ ಇಲ್ಲೇ ಮಾತಲೆಯ ಒಬ್ಬ ಅಜ್ಜನಿಗೆ ಹಾಸಿಗೆ ಇಲ್ಲವೆಂದು ಹೇಳಿ ಕಳಿಸಬೇಕಾಯಿತು.

ಅವರ ಅನುಮಾನ ಏನು ಎಂದು ಮುಚ್ಚಿಡದೆ ಹೇಳುತ್ತೇನೆ. ನಿನಗೆ ಹಾಸಿಗೆ ಬೇಕು, ಅದಕ್ಕಾಗಿ ಒಬ್ಬ ಕೆಟ್ಟ ರೋಗಿಯ ರಕ್ತವನ್ನೇ ಹತ್ತು ಹೆಸರಿನಲ್ಲಿ ಕಳಿಸುತ್ತಿದ್ದೀಯ ಎಂದು. ನಾನು ಹಾಗಲ್ಲ ಎಂದೆ. ಆಮೇಲೆ ಮೇಜಿಗೆ ಬಂದು ಹದಿಮೂರು ಟ್ಯೂಬಿನ ಚೀಟಿಗಳನ್ನು ಸಾಲಾಗಿ ಇಟ್ಟು ನೋಡಿದೆ. ಹದಿಮೂರರಲ್ಲೂ ರಕ್ತ ತೆಗೆದ ಹೊತ್ತು ಬೆಳಗಿನ ಐದು. ನಾಲ್ಕೂ ಐವತ್ತು ಇಲ್ಲ, ಐದೂ ಹತ್ತು ಇಲ್ಲ. ಒಂದೇ ಪೆನ್ನು, ಒಂದೇ ಕೈ. ಒಬ್ಬ ವೈದ್ಯ ಒಂದೇ ನಿಮಿಷದಲ್ಲಿ ಆರು ಜನರ ತೋಳಿಗೆ ಸೂಜಿ ಚುಚ್ಚುವುದು ಹೇಗೆ?

ದಯವಿಟ್ಟು ಉತ್ತರ ಬರೆ. ಬರುವವರೆಗೆ ಹೊಸ ರೋಗಿಯನ್ನು ಕಳಿಸಬೇಡ.

ಹೇಮಮಾಲಿ


ಪೂವಡಿತುರೈ
೧೭ ಜನವರಿ ೧೯೯೭

ಹೇಮಮಾಲಿ,

ನಾಲ್ವರು ನಡೆದುಕೊಂಡು ಬಂದರು ಎಂದು ದೂರು ಬರೆದ ಮೊದಲ ವೈದ್ಯೆ ನೀನು. ಹೊತ್ತುಕೊಂಡು ಬರಬೇಕಿತ್ತೇ?

ಯಾರ ರಕ್ತ ಯಾರ ಹೆಸರಿನಲ್ಲೂ ಬಂದಿಲ್ಲ. ಹೊತ್ತಿನ ವಿಷಯ: ಐದು ಅಂದರೆ ಐದು. ನನಗೆ ದಿನಕ್ಕೆ ತೊಂಬತ್ತು ರೋಗಿಗಳು, ನಿಮಿಷ ಬರೆಯುವ ಪುರುಸೊತ್ತಿಲ್ಲ.

ಇಲ್ಲಿಂದ ಎಲ್ಲವನ್ನೂ ಕಾಗದದಲ್ಲಿ ಬರೆಯಲಾಗುವುದಿಲ್ಲ. ಅಷ್ಟನ್ನು ನೀನು ತಿಳಿದುಕೊಳ್ಳುತ್ತೀಯ ಅಂದುಕೊಂಡಿದ್ದೆ.

ಶಿವನೇಸನ್


ಕ್ಯಾಂಡಿ
೨೫ ಜನವರಿ ೧೯೯೭

ಶಿವನೇಸ,

ಬರೆಯಲಾಗದ್ದು ಏನು? ಬರೆಯಬಹುದಾದದ್ದನ್ನು ಬರೆಯುವವನಿಗೆ ಇಷ್ಟು ಮುಚ್ಚುಮರೆ ಯಾಕೆ ಬೇಕು? ನಿನ್ನ ಕಾಗದವನ್ನು ರಂಬುಕ್ವೆಲ್ಲ ಅವರಿಗೆ ತೋರಿಸಲಿಲ್ಲ. ತೋರಿಸಿದ್ದರೆ ತಪ್ಪೊಪ್ಪಿಗೆ ಎಂದೇ ಓದುತ್ತಿದ್ದರು. ನಾನು ಓದಿದ್ದೂ ಬೇರೆ ಥರವೇನಲ್ಲ.

ಒಂದು ಪರೀಕ್ಷೆ ಮಾಡೋಣ. ಜ್ವರವಿಲ್ಲದ ಐದು ಆರೋಗ್ಯವಂತರ ರಕ್ತ ಕಳಿಸು. ಹೆಸರು ಬೇಡ, ಒಂದರಿಂದ ಐದರವರೆಗೆ ಅಂಕಿ ಸಾಕು. ರೋಗಿಗಳ ರಕ್ತ ಬಂದ ಹಾಗೆಯೇ, ಅದೇ ಲಾರಿಯಲ್ಲಿ ಬರಲಿ.

ಹೇಮಮಾಲಿ


ಪೂವಡಿತುರೈ
೪ ಫೆಬ್ರವರಿ ೧೯೯೭

ಡಾಕ್ಟರ್ ಹೇಮಮಾಲಿ ದೆಲ್ಗೊಡ ಅವರಿಗೆ,

ಕೇಳಿದ ಐದು ಟ್ಯೂಬುಗಳನ್ನು ಕಳಿಸಿದ್ದೇನೆ.

ಲಸಿಕೆಯ ಕೆಲಸಕ್ಕೆ ಬಂದಿದ್ದ ಒಬ್ಬರು ಕೊಲಂಬೊ ವೈದ್ಯ ಸಮ್ಮೇಳನದ ಪುಸ್ತಿಕೆಯನ್ನು ಇಲ್ಲಿ ಬಿಟ್ಟು ಹೋದರು. ಹದಿನಾಲ್ಕನೆಯ ಪುಟದಲ್ಲಿ ನಿನ್ನ ಪ್ರಬಂಧ ಇದೆ. 'ಇಲಿಜ್ವರದ ಉರಿಯೂತದಲ್ಲಿ ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣ.' ನಲವತ್ತೊಂದು ರೋಗಿಗಳಂತೆ. ನಿನ್ನ ಹೆಸರಿದೆ, ರಂಬುಕ್ವೆಲ್ಲ ಅವರ ಹೆಸರಿದೆ. ನವೆಂಬರಿನಲ್ಲಿ ನಿನ್ನ ಹತ್ತಿರ ಇಪ್ಪತ್ತೆರಡು ಇದ್ದರು. ಹಾಸಿಗೆ ನಿಂತ ಮೇಲೆ ಕಳಿಸಿದ ಆರು ಸೇರಿ ನಾನು ಇವತ್ತಿನವರೆಗೆ ಹತ್ತೊಂಬತ್ತು ರೋಗಿಗಳ ರಕ್ತ ಕಳಿಸಿದ್ದೇನೆ. ಕೂಡಿಸಲು ನನಗೆ ಬರುತ್ತದೆ.

ನನ್ನ ಹೆಸರು ಬೇಕಿರಲಿಲ್ಲ. ನಮ್ಮ ಜನರ ರಕ್ತ ಪುಸ್ತಕಕ್ಕೆ ಸಾಕಾಗುವಷ್ಟು ನಂಬಿಕೆಯದು, ಹಾಸಿಗೆ ಕೊಡುವಷ್ಟು ಅಲ್ಲ ಎಂಬುದು ತಿಳಿಯಿತು.

ವೈ. ಶಿವನೇಸನ್


ಕ್ಯಾಂಡಿ
೧೪ ಫೆಬ್ರವರಿ ೧೯೯೭

ಶಿವನೇಸನ್,

ನಲವತ್ತೊಂದರಲ್ಲಿ ನಿನ್ನ ಒಬ್ಬ ರೋಗಿಯೂ ಇಲ್ಲ. ನವೆಂಬರಿನ ನಂತರ ನಮ್ಮಲ್ಲೇ ಹತ್ತೊಂಬತ್ತು ಜನ ಸೇರಿದರು. ಸಂಖ್ಯೆ ಒಂದೇ ಆದದ್ದು ಕಾಕತಾಳೀಯ. ನೀನು ನಂಬದಿದ್ದರೆ ವಾರ್ಡಿನ ದಾಖಲೆ ತೋರಿಸುತ್ತೇನೆ. ನಿನ್ನವರನ್ನು ಬಿಟ್ಟದ್ದು ಯಾಕೆ ಎಂದರೆ, ಆ ಅಂಕಿಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ. ಹೆಸರು ಕದಿಯಬೇಕಿದ್ದರೆ ಒಳ್ಳೆಯ ಅಂಕಿ ಕದಿಯುತ್ತಿದ್ದೆ.

ಈಗ ಐದು ಆರೋಗ್ಯವಂತರ ಫಲಿತಾಂಶ: ನಲವತ್ತೊಂದು, ಮೂವತ್ತೆಂಟು, ಐವತ್ಮೂರು, ನಲವತ್ನಾಲ್ಕು, ನಲವತ್ತು. ನಿನ್ನ ಲೆಕ್ಕದಲ್ಲಿ ಮೂರನೆಯ ಆರೋಗ್ಯವಂತ ಈ ಹೊತ್ತಿಗೆ ಮೂತ್ರ ನಿಂತು ಮಲಗಿರಬೇಕು. ಯಾರವನು? ಇವರು ನಿಜವಾಗಿ ಆರೋಗ್ಯವಂತರೇ, ಅಥವಾ ಇದೂ ಅದೇ ರೋಗಿಗಳ ರಕ್ತವೇ? ಹೊತ್ತು ಮಾತ್ರ ಎಂದಿನಂತೆ ಐದು.

ಇನ್ನು ನಿನ್ನ ಟ್ಯೂಬಿನ ಎಣಿಕೆಯ ಮೇಲೆ ಹಾಸಿಗೆ ಕೊಡಲು ಸಾಧ್ಯವಿಲ್ಲ. ಎಲ್ಲ ಕಡೆಯ ರೋಗಿಗಳ ಹಾಗೆ, ಮೂತ್ರ ನಿಂತರೆ ಕಳಿಸು, ನೋಡುತ್ತೇವೆ.

ಹೇಮಮಾಲಿ ದೆಲ್ಗೊಡ


ತಂತಿ. ಪೂವಡಿತುರೈ, ೨೦ ಫೆಬ್ರವರಿ ೧೯೯೭

ಪುಷ್ಪಮಲರ್ ಇಪ್ಪತ್ತಾರು ವರ್ಷ ಜ್ವರದ ನಾಲ್ಕನೆಯ ದಿನ ಮೂತ್ರ ಕಡಿಮೆಯಾಗುತ್ತಿದೆ ನಿಂತಿಲ್ಲ. ರಕ್ತ ಬರುತ್ತಿದೆ. ಇವಳ ವಿಷಯದಲ್ಲಿ ನನ್ನ ಮಾತು ನಂಬು. ಹಾಸಿಗೆ ಬೇಕು. ಶಿವನೇಸನ್


ತಂತಿ. ಕ್ಯಾಂಡಿ, ೨೧ ಫೆಬ್ರವರಿ ೧೯೯೭

ಎಣಿಕೆ ಐವತ್ತೆಂಟು. ನಿನ್ನವೆಲ್ಲ ಹೆಚ್ಚೇ. ಮೂತ್ರ ನಿಂತಾಗ ಕಳಿಸು. ದೆಲ್ಗೊಡ


ಪೂವಡಿತುರೈ
೯ ಮಾರ್ಚ್ ೧೯೯೭

ಹೇಮಾ,

ಇದು ಅಂಚೆಯಲ್ಲಿ ಬರುತ್ತಿಲ್ಲ. ಅನ್ಸಾರ್ ನಾನಾ ನಿನ್ನ ಕೈಗೇ ಕೊಡುತ್ತಾರೆ. ಓದಿ ಸುಟ್ಟುಬಿಡು. ನನಗೆ ಬರುವ ನಿನ್ನ ಕಾಗದಗಳೆಲ್ಲ ಸೈನ್ಯದವರು ಅಂಟು ಬಿಚ್ಚಿ ಓದಿ ಮತ್ತೆ ಅಂಟಿಸಿದ ಮೇಲೆ ಬರುತ್ತವೆ. ನನ್ನವೂ ಹಾಗೆಯೇ ತಲುಪುತ್ತಿರಬೇಕು. ನೀನು ಲಕೋಟೆಯ ಹಿಂಬದಿ ನೋಡುವವಳಲ್ಲ, ಕಾಲೇಜಿನಿಂದಲೂ.

ಪುಷ್ಪಮಲರ್ ೨೩ನೇ ತಾರೀಖು ದಾರಿಯಲ್ಲಿ ತೀರಿಕೊಂಡಳು.

ನಿನ್ನ ತಂತಿ ಬಂದಮೇಲೆ ಎರಡು ದಿನ ಕಾದೆ. ಹಾಸಿಗೆ ಇಲ್ಲದೆ ಕಳಿಸಿದರೆ ಸೈನ್ಯದ ಮೊದಲನೆಯ ತನಿಖಾ ಗೇಟಿನಲ್ಲೇ ಆಂಬುಲೆನ್ಸ್ ತಿರುಗಿಸುತ್ತಾರೆ. ಅವರಿಗೆ ಆಸ್ಪತ್ರೆಯ ಒಪ್ಪಿಗೆ ಚೀಟಿ ಬೇಕು. ೨೩ರ ಬೆಳಿಗ್ಗೆ ಮೂತ್ರ ನಿಂತಿತು. ನಿನ್ನ ತಂತಿಯನ್ನೇ ಚೀಟಿ ಎಂದು ಹಿಡಿದು ನಾನೇ ಜೊತೆಗೆ ಹೊರಟೆ. ಮೂರು ಕಡೆ ನಿಲ್ಲಿಸಿದರು. ಎರಡನೆಯ ಕಡೆ ಅವಳನ್ನು ಸ್ಟ್ರೆಚರಿನಿಂದ ಇಳಿಸಿ ಹಾಸಿಗೆಯ ಅಡಿ ನೋಡಿದರು. ಅವಳಿಗೆ ಪ್ರಜ್ಞೆ ಇತ್ತು. "ಡಾಕ್ಟರ್, ಅವರಿಗೆ ನನ್ನ ಸೀರೆ ಸರಿಮಾಡೋಕೆ ಹೇಳಿ" ಎಂದಳು. ನಾನು ಸರಿಮಾಡಿದೆ. ಮಧ್ಯಾಹ್ನ ಮೂರಕ್ಕೆ ಅವಳ ಹೃದಯ ನಿಂತಿತು. ಕಾಡಿನ ನಡುವೆ, ಯಾವ ಊರೂ ಅಲ್ಲದ ಕಡೆ. ಅವಳ ಗಂಡ ಕನಗರಾಯ ಗದ್ದೆ ಗೇಯುವವನು. ಹಿಂದಿರುಗುವಾಗ ಒಂದೇ ಪ್ರಶ್ನೆ ಕೇಳಿದ. "ಎರಡು ದಿನ ಯಾಕೆ ಕಾದ್ರಿ?" ದಾರಿ ಸರಿಯಿರಲಿಲ್ಲ ಎಂದೆ. ನಿನ್ನ ವಿಷಯ ಹೇಳಲಿಲ್ಲ. ನನ್ನ ವಿಷಯವನ್ನೂ ಹೇಳಲಿಲ್ಲ.

ನನ್ನ ವಿಷಯ ಇದು. ಟ್ಯೂಬಿನ ಮೇಲಿನ ಹೊತ್ತು ಸುಳ್ಳು. ಇಪ್ಪತ್ತು ರೋಗಿಗಳದ್ದೂ ಸುಳ್ಳು, ಐದು ಆರೋಗ್ಯವಂತರದ್ದೂ ಸುಳ್ಳು. ರಕ್ತ ತೆಗೆಯುವುದು ಸಂಜೆ ನಾಲ್ಕಕ್ಕೆ. ಲಾರಿ ಆರರೊಳಗೆ ಹಿನ್ನೀರು ದಾಟಿ ತನಿಖಾ ಗೇಟಿನ ಸಾಲಿನಲ್ಲಿ ನಿಲ್ಲಬೇಕು, ಆಮೇಲೆ ಕರ್ಫ್ಯೂ, ಲಾರಿ ದಾಟಿಸುವ ದೋಣಿ ಇಲ್ಲ, ರಸ್ತೆಯೂ ಇಲ್ಲ. ಬೆಳಿಗ್ಗೆ ಐದಕ್ಕೆ ಗೇಟು ತೆಗೆಯುತ್ತಾರೆ. ನಿನಗೆ ಸಿಗುವ ಹೊತ್ತಿಗೆ ಆ ರಕ್ತಕ್ಕೆ ಹದಿನೇಳು ಗಂಟೆ ಆಗಿರುತ್ತದೆ.

ಐಸಿನ ಮಾತೂ ಇದೆ. ಟ್ಯೂಬು, ಸೂಜಿ, ಔಷಧ ಏನೇ ಸಾಗಿಸಬೇಕಾದರೂ ಪರವಾನಗಿ ಬೇಕು. ನವೆಂಬರಿನಲ್ಲಿ ಅರ್ಜಿ ಹಾಕಿದೆ, ಬರುತ್ತದೆಂದು ನಂಬಿ ಲಾರಿಯ ವಿಷಯವನ್ನು ಅಂಚೆಯಲ್ಲೇ ಬರೆದೆ, ಇನ್ನೂ ಬಂದಿಲ್ಲ. ಅದಕ್ಕೆ ಅನ್ಸಾರ್ ನಾನಾ ಪೆಟ್ಟಿಗೆಯನ್ನು ಸಿಗಡಿಯ ಅಡಿಯಲ್ಲಿ, ಐಸಿನ ಒಳಗೆ ಇಡುತ್ತಾರೆ. ಸಿಕ್ಕಿಬಿದ್ದರೆ ಅವರ ಗತಿ ಏನು ಎಂದು ನಾನು ಬರೆಯಬೇಕಿಲ್ಲ. ಇದನ್ನು ಅಂಚೆಯಲ್ಲಿ ಹೇಗೆ ಬರೆಯಲಿ?

ನಿನ್ನ ನಿಯಮ ನನಗೆ ಗೊತ್ತಿತ್ತು. ಐಸು ಬೇಡ, ನಾಲ್ಕು ಗಂಟೆ. ಆದರೆ ವಿಜ್ಞಾನದವರು ನಿಯಮವನ್ನು ಯಾವಾಗಲೂ ಬಿಗಿಯಾಗಿಯೇ ಬರೆಯುತ್ತಾರೆ, ಸ್ವಲ್ಪ ಸಡಿಲಿಸಿದರೆ ನಡೆಯುತ್ತದೆ ಅಂದುಕೊಂಡೆ. ನಿಜವಾದ ಹೊತ್ತು ಬರೆದರೆ ನೀನು ಟ್ಯೂಬನ್ನು ಎಸೆಯುತ್ತಿದ್ದೆ. ಸುಳ್ಳು ಬರೆದೆ, ಅಂಕಿ ಹೆಚ್ಚು ಬಂತು, ಹಾಸಿಗೆ ಸಿಕ್ಕಿತು. ಅಂಕಿ ಯಾಕೆ ಹೆಚ್ಚು ಎಂದು ನಾನು ಕೇಳಲಿಲ್ಲ. ಮೊದಲ ಇಬ್ಬರು ನಿನ್ನ ಯಂತ್ರದಲ್ಲಿ ಬದುಕಿ ಬಂದಾಗ, ಕೇಳದಿರುವುದೇ ಒಳ್ಳೆಯದು ಅನ್ನಿಸಿತ್ತು.

ಮೂರನೆಯ ಆರೋಗ್ಯವಂತ ನಾನು. ಐವತ್ಮೂರು ಎಂದು ಓದಿದ ದಿನ ತೊಂಬತ್ನಾಲ್ಕು ರೋಗಿಗಳನ್ನು ನೋಡಿದೆ. ಆ ಸಾಲು ಓದಿದಾಗಲೇ ನನಗೆ ಎಲ್ಲ ಅರ್ಥವಾಗಿತ್ತು, ಹೇಮಾ. ಅಂದೇ ಹೀಗೊಂದು ಕಾಗದವನ್ನು ಅನ್ಸಾರ್ ನಾನಾ ಕೈಯಲ್ಲಿ ಕಳಿಸಬಹುದಿತ್ತು. ಪುಸ್ತಿಕೆಯ ಸಿಟ್ಟು ಇತ್ತು. ಕಳಿಸಲಿಲ್ಲ. ಎರಡು ದಿನದ ಮೇಲೆ ಅವಳು ಬಂದಳು.

ಶಿವನೇಸನ್


ಕ್ಯಾಂಡಿ
೧೬ ಮಾರ್ಚ್ ೧೯೯೭

ಶಿವನೇಸ,

ಇದೂ ಅನ್ಸಾರ್ ನಾನಾ ಕೈಯಲ್ಲಿ. ನಿನ್ನ ಕಾಗದ ಸುಟ್ಟಿದ್ದೇನೆ.

ಓದಿದ ದಿನ ಏನೂ ಮಾಡಲಿಲ್ಲ. ಮರುದಿನ ಸಂಜೆ ನಾಲ್ಕಕ್ಕೆ ಮೆನಿಕೆಯ ಹತ್ತಿರ ನನ್ನ ರಕ್ತ ತೆಗೆಸಿದೆ, ಎರಡು ಟ್ಯೂಬು. ಒಂದನ್ನು ಆಗಲೇ ಎಣಿಸಿದೆ. ಏಳು. ಇನ್ನೊಂದನ್ನು ಮಾರುಕಟ್ಟೆಯ ಐಸಿನಲ್ಲಿ ಹೂತು, ಬೆಳಿಗ್ಗೆ ಆಸ್ಪತ್ರೆಯ ಜೀಪಿನಲ್ಲಿ ಗುಂಡಿ ಬಿದ್ದ ರಸ್ತೆಯಲ್ಲಿ ಎರಡು ಸುತ್ತು ಹಾಕಿಸಿ, ಒಂಬತ್ತಕ್ಕೆ ಎಣಿಸಿದೆ. ಐವತ್ತೆರಡು. ಮೆನಿಕೆ ನನ್ನ ಹೆಗಲ ಮೇಲಿಂದ ನೋಡಿ, "ನೋನಾ, ನಿಮಗೂ ಹಾಸಿಗೆ ಬೇಕಾ?" ಎಂದಳು. ಅವಳಿಗೆ ಏನೂ ಗೊತ್ತಿಲ್ಲ, ತಮಾಷೆಗೆ ಅಂದದ್ದು.

ಈ ಪ್ರಯೋಗಕ್ಕೆ ನನಗೆ ಹದಿನೇಳು ಗಂಟೆ, ಎರಡು ಟ್ಯೂಬು, ಒಂದು ಹಿಡಿ ಐಸು ಸಾಕಾಯಿತು. ಜನವರಿಯಲ್ಲೇ ಮಾಡಬಹುದಿತ್ತು. ರಕ್ತ ಯಾಕೆ ಹೀಗಿದೆ ಎಂದು ಕೇಳಬೇಕಾದವಳು, ನೀನು ಯಾಕೆ ಹೀಗಿದ್ದೀಯ ಎಂದು ಕೇಳುತ್ತ ಕೂತೆ. ಅನುಮಾನ ಪಡುವುದೇ ನನ್ನ ಉದ್ಯೋಗ, ಆದರೆ ಅನುಮಾನಿಸಬೇಕಾದದ್ದು ಟ್ಯೂಬನ್ನು.

ನಿನಗೆ ಹೇಳದೆ ಮಾಡಿದ್ದು ಇನ್ನೊಂದಿದೆ. ಫೆಬ್ರವರಿ ೧೭ರಂದು ನಿನ್ನ ಮೇಲೆ ಸಂಶೋಧನಾ ಸಮಿತಿಗೆ ದೂರು ಬರೆದೆ. ಹಾಸಿಗೆಗಾಗಿ ರಕ್ತದ ಮಾದರಿ ತಿದ್ದುತ್ತಾನೆ ಎಂದು. ಮೊನ್ನೆ ಹಿಂದಕ್ಕೆ ಪಡೆದೆ. ಪಡೆದರೂ ಅಳಿಸಿಹೋಗುವುದಿಲ್ಲ, ಫೈಲಿನಲ್ಲಿ ಎರಡೂ ಕಾಗದ ಇರುತ್ತವೆ. ನಿನಗೆ ಬೇರೆಯವರಿಂದ ತಿಳಿಯುವುದು ಬೇಡ.

ಪುಷ್ಪಮಲರಳ ಎಣಿಕೆ ಐವತ್ತೆಂಟು. ಅದು ಅವಳ ಮೈಯಲ್ಲಿ ಇದ್ದದ್ದೋ, ಐಸು ಮಾಡಿದ್ದೋ ಈಗ ಯಾರಿಂದಲೂ ಹೇಳಲಾಗುವುದಿಲ್ಲ. ನಾಲ್ಕು ದಿನದಿಂದ ಆ ಗಾಜನ್ನು ಮತ್ತೆ ಮತ್ತೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದೇನೆ. ನನ್ನ ರಕ್ತದ ಗಾಜಿಗೂ ಅವಳದಕ್ಕೂ ವ್ಯತ್ಯಾಸ ಸಿಗಲಿಲ್ಲ. ಎಣಿಕೆ ಸಿಗದಿದ್ದರೂ ನೀನು ಅವಳ ಮಂಚದ ಪಕ್ಕದಲ್ಲಿದ್ದೆ, ಮೂತ್ರ ಕಡಿಮೆಯಾಗುತ್ತಿದೆ ಎಂದು ಬರೆದಿದ್ದೆ. ಒಬ್ಬ ವೈದ್ಯನ ಕಣ್ಣಿಗೆ ಅಷ್ಟು ಬೆಲೆ ಕೊಟ್ಟಿದ್ದರೂ ಸಾಕಿತ್ತು. ನಿನ್ನ ಸುಳ್ಳು ಮತ್ತು ನನ್ನ ತಂತಿ, ಇವೆರಡರಲ್ಲಿ ಯಾವುದು ದೊಡ್ಡದು ಎಂದು ಅಳೆಯಲು ಕೂತಿದ್ದೆ. ಅಳೆದು ಅವಳ ಗಂಡನಿಗೆ ಏನು ಉತ್ತರ ಕೊಡುವುದು ಎಂದು ಬಿಟ್ಟೆ.

ಇದರೊಂದಿಗೆ ಮೂವತ್ತು ಪುಟ್ಟ ಸೀಸೆಗಳಿವೆ. ಒಳಗಿರುವುದು ತುಂಬ ತೆಳುವಾದ ಫಾರ್ಮಲಿನ್. ರಕ್ತ ತೆಗೆದ ತಕ್ಷಣ, ಮಂಚದ ಪಕ್ಕದಲ್ಲೇ, ನಾಲ್ಕು ಹನಿ ಇದಕ್ಕೆ ಹಾಕಿ ಮೆಲ್ಲಗೆ ಒಮ್ಮೆ ತಿರುಗಿಸು. ಆ ಗಳಿಗೆಯಲ್ಲಿ ಯಾವ ಪ್ಲೇಟ್‌ಲೆಟ್ ಯಾವ ಬಿಳಿಕಣವನ್ನು ಹಿಡಿದಿತ್ತೋ ಹಾಗೆಯೇ ನಿಂತುಬಿಡುತ್ತದೆ. ಹೊಸದಾಗಿ ಯಾವುದೂ ಅಂಟುವುದಿಲ್ಲ. ಐಸಿನಲ್ಲಿ ಬಂದರೂ ಸರಿ, ಎರಡು ದಿನ ತಡವಾದರೂ ಸರಿ. ಇಲ್ಲಿ ನನ್ನ ರಕ್ತದ ಮೇಲೆ ನೋಡಿದೆ: ಮೊದಲು ಏಳು, ಐಸಿನಲ್ಲಿಟ್ಟು ಜೀಪಿನಲ್ಲಿ ಸುತ್ತಿಸಿದ ಮೇಲೆ ಎಂಟು.

ಹೊತ್ತು ಮಾತ್ರ ನಿಜ ಬರೆ.

ಹೇಮಮಾಲಿ


ಪೂವಡಿತುರೈ
೨ ಏಪ್ರಿಲ್ ೧೯೯೭

ಹೇಮಮಾಲಿ,

ಹನ್ನೆರಡು ಸೀಸೆ ಕಳಿಸಿದ್ದೇನೆ. ಹೆಸರಿಲ್ಲ, ಅಂಕಿ ಮಾತ್ರ. ಯಾರು ರೋಗಿ, ಯಾರು ಅಲ್ಲ ಎಂದು ಹೇಳುವುದಿಲ್ಲ. ನೀನು ಎಣಿಸಿ ಕಳಿಸಿದ ಮೇಲೆ ನನ್ನ ಪಟ್ಟಿಯ ಜೊತೆ ಇಟ್ಟು ನೋಡುತ್ತೇನೆ. ನೀನು ಐಸಿನ ಪ್ರಯೋಗ ಮಾಡಿದ್ದು ನಿಜವಿರಬಹುದು, ನನ್ನ ಸಮಾಧಾನಕ್ಕೆ ಬರೆದದ್ದೂ ಇರಬಹುದು. ದೂರಿನ ವಿಷಯ ಓದಿದ ಮೇಲೆ ಇಷ್ಟು ಜಾಗ್ರತೆ ನನಗೂ ಬೇಕು.

ಕನಗರಾಯನ ಮನೆಗೆ ಹೋಗಿ ಬಂದೆ. ನನ್ನ ಸುಳ್ಳು, ನಿನ್ನ ತಂತಿ, ಎರಡನ್ನೂ ಹೇಳಿದೆ. ಅವನು ಎದ್ದು ಒಳಗೆ ಹೋದವನು ಹೊರಗೆ ಬರಲಿಲ್ಲ. ಅವನ ತಾಯಿ ಬಂದು, "ನೀವಿನ್ನು ಹೋಗಿ ತಂಬಿ" ಎಂದರು. ಬಂದೆ.

ಶಿವನೇಸನ್


ಕ್ಯಾಂಡಿ
೨೧ ಏಪ್ರಿಲ್ ೧೯೯೭

ಶಿವನೇಸ,

ಹನ್ನೆರಡರ ಎಣಿಕೆಯನ್ನು ೫ನೇ ತಾರೀಖೇ ತಂತಿಯಲ್ಲಿ ಕಳಿಸಿದ್ದೆ. ನೀನು ಅದಕ್ಕೆ ಏನೂ ಹೇಳದೆ ೧೨ರಂದು ಬರಿ ಒಂದು ಸೀಸೆಯನ್ನೂ ಒಂದು ಸಾಲನ್ನೂ ಕಳಿಸಿದ್ದರಿಂದ, ನಿನ್ನ ಪಟ್ಟಿಗೆ ಅದು ಹೊಂದಿತು ಎಂದುಕೊಂಡಿದ್ದೇನೆ. ನಾಲ್ಕನೆಯದು ಮತ್ತು ಹನ್ನೊಂದನೆಯದು ಒಬ್ಬನದೇ ರಕ್ತ ಎಂದು ನನ್ನ ಅನುಮಾನ. ಮೂವತ್ತೊಂದು, ಮೂವತ್ಮೂರು. ಜೊತೆಗೆ ಎರಡರಲ್ಲೂ ಅದೇ ದೊಡ್ಡ ದೊಡ್ಡ ಪ್ಲೇಟ್‌ಲೆಟ್‌ಗಳು. ಪರೀಕ್ಷೆ ಮಾಡಿದ್ದಕ್ಕೆ ಬೇಸರವಿಲ್ಲ. ನಾನಾಗಿದ್ದರೆ ಮೂರು ಅಂಕಿ ಹಾಕಿ ಕಳಿಸುತ್ತಿದ್ದೆ.

ಸಮ್ಮೇಳನದ ಪ್ರಬಂಧವನ್ನು ಮತ್ತೆ ಬರೆಯುತ್ತಿದ್ದೇನೆ. ನಿನ್ನ ಹೆಸರು ಸೇರುತ್ತದೆ, ಸೇರಿದರೆ ಹೊಣೆಯೂ ಸೇರುತ್ತದೆ, ಯೋಚಿಸಿ ಹೇಳು. ಒಂದು ವಾಕ್ಯ ಹೀಗಿದೆ: 'ಪೂವಡಿತುರೈಯ ಮೊದಲ ಇಪ್ಪತ್ತು ಮಾದರಿಗಳನ್ನು, ತಣ್ಣಗಿಟ್ಟಿದ್ದರಿಂದಲೂ ಹೊತ್ತು ತಪ್ಪಾಗಿ ನಮೂದಾಗಿದ್ದರಿಂದಲೂ, ಕೈಬಿಡಲಾಗಿದೆ.' ಪುಷ್ಪಮಲರ್ ಆ ಇಪ್ಪತ್ತರಲ್ಲಿ ಒಬ್ಬಳು. ಇದಕ್ಕಿಂತ ಬೇರೆ ರೀತಿ ಬರೆಯಲು ನೋಡಿದೆ, ಆಗಲಿಲ್ಲ.

ಈಗ ೧೨ರ ಸೀಸೆಯ ವಿಷಯ. ನೀನು ಬರೆದಿದ್ದೆ: 'ಇಳೈಯತಂಬಿ, ಮೂವತ್ನಾಲ್ಕು, ಜ್ವರದ ಮೂರನೆಯ ದಿನ, ಮೂತ್ರ ಚೆನ್ನಾಗಿದೆ, ಆದರೂ ನನಗೆ ಹಿಡಿಸುತ್ತಿಲ್ಲ.' ಎಣಿಕೆ ಐವತ್ತೇಳು. ರಂಬುಕ್ವೆಲ್ಲ ಅವರ ಕೋಣೆಗೆ ಗಾಜನ್ನು ಒಯ್ದೆ. ಬಹಳ ಹೊತ್ತು ನೋಡಿದರು. "ಇವನೂ ಬಂದು ಅನ್ನ ಕೇಳಿದ್ರೆ?" ಎಂದರು. "ಕೇಳಿದರೆ ಬಡಿಸೋಣ" ಎಂದೆ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ತಂತಿಯನ್ನು ತಾವೇ ಕಳಿಸಿದರು.

ಅವನು ೧೪ರಂದು ಬಂದ. ನಡೆದುಕೊಂಡೇ ಬಂದ, ಅನ್ನವನ್ನೂ ಕೇಳಿದ. ವಾರ್ಡಿನಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ೧೫ರ ಮಧ್ಯಾಹ್ನ ಮೂತ್ರ ಕಡಿಮೆಯಾಯಿತು, ಸಂಜೆಗೆ ನಿಂತಿತು. ರಕ್ತದಲ್ಲಿ ಪೊಟಾಸಿಯಂ ಏರುತ್ತಿತ್ತು. ಒಂದು ಗಂಟೆಯ ಒಳಗೆ ಅವನು ಯಂತ್ರದಲ್ಲಿದ್ದ. ಆರು ದಿನ ಯಂತ್ರ ನಡೆಯಿತು. ಆರು ದಿನವೂ ಅವನ ಮಂಚದ ಕೆಳಗಿನ ಪಾತ್ರೆ ಒಣಗಿತ್ತು.

ಇವತ್ತು ಬೆಳಿಗ್ಗೆ ನಾನು ಎಣಿಸುತ್ತ ಕೂತಿದ್ದಾಗ ರಂಬುಕ್ವೆಲ್ಲ ಅವರು ಪ್ರಯೋಗಾಲಯಕ್ಕೆ ಬಂದರು. ಅವರು ಇಲ್ಲಿಗೆ ಬಂದದ್ದನ್ನು ಮೆನಿಕೆ ಇಪ್ಪತ್ತು ವರ್ಷದಲ್ಲಿ ನೋಡಿಲ್ಲವಂತೆ. ಕೈಯಲ್ಲಿ ಮೂತ್ರ ಅಳೆಯುವ ಜಾಡಿ ಇತ್ತು, ನರ್ಸಿಗೂ ಕೊಡದೆ ತಾವೇ ಹಿಡಿದು ತಂದಿದ್ದರು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಎತ್ತಿ ಹಿಡಿದರು.

"ಮುನ್ನೂರ ಇಪ್ಪತ್ತು" ಎಂದರು. "ನಿನ್ನ ಆ ಸ್ನೇಹಿತನಿಗೆ ಬರಿ."

ಬರೆದಿದ್ದೇನೆ.

ಹೇಮಾ